ಕತ್ತು ಬಾಗುವ ವೆಬ್‌ಕ್ಯಾಮ್‌ನಲ್ಲಿ ನೋಟ್‌ಬುಕ್ ತೋರಿಸಿ ಪಾಠ ಮಾಡಬಹುದಾ? ಬಳಸಿದವರು ಹೇಳಿ

ಹಾಸನದಿಂದ ಪ್ರಶ್ನೆ:

ನಾನು ಮನೆಯಲ್ಲೇ ಹತ್ತನೇ ತರಗತಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಆಲೂರು, ಅರಕಲಗೂಡು ಕಡೆಯಿಂದ ಬರುವ ಮಕ್ಕಳಿಗೆ ಮಳೆಗಾಲದಲ್ಲಿ ಸಂಜೆ ಬಸ್ ಹಿಡಿದು ಊರು ಸೇರುವುದು ಕಷ್ಟ, ಅದಕ್ಕೇ ಜೂನ್‌ನಿಂದ ವಾರಕ್ಕೆ ಮೂರು ದಿನ ಆನ್‌ಲೈನ್ ಪಾಠ ಶುರು ಮಾಡಿದ್ದೇನೆ. ಲ್ಯಾಪ್‌ಟಾಪ್ ಕ್ಯಾಮೆರಾದಲ್ಲಿ ನನ್ನ ಮುಖ ಕಾಣುತ್ತದೆ, ನಾನು ಬರೆಯುವ ಪುಟ ಕಾಣುವುದಿಲ್ಲ. ನೋಟ್‌ಬುಕ್ ಎತ್ತಿ ಹಿಡಿದು ಹಿಡಿದು ಕೈ ಸೋಲುತ್ತದೆ. ಅಷ್ಟಾದರೂ ಮಕ್ಕಳು "ಮಿಸ್, ಅದು ಮೈನಸ್ಸಾ ಪ್ಲಸ್ಸಾ?" ಅಂತ ಕೇಳುತ್ತಾರೆ. ಹಾವಿನ ಹಾಗೆ ಬಾಗುವ ಕತ್ತಿರುವ, ಮೇಜಿನ ಮೇಲೆ ನಿಲ್ಲುವ ವೆಬ್‌ಕ್ಯಾಮ್ ಬರುತ್ತದಲ್ಲ, ಅದು ಈ ಕೆಲಸಕ್ಕೆ ಆಗುತ್ತದಾ? ಭಾನುವಾರ ಮಗಳ ಜೊತೆ ಮಾತಾಡಲೂ ಅದೇ ಸಾಕಾ? ಒಳ್ಳೆಯದು ಕೆಟ್ಟದ್ದು ಎರಡೂ ಹೇಳಿ.

ಚಿಕ್ಕಮಗಳೂರಿನಿಂದ, ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಹೇಳಿಕೊಡುವವರು:

ಖಂಡಿತ ಆಗುತ್ತದೆ. ನಾನು ಮೂರು ವರ್ಷದಿಂದ ಬಳಸುತ್ತಿದ್ದೇನೆ. ಆದರೆ ಮೊದಲು ತಂದಿದ್ದನ್ನು ವಾಪಸ್ ಕಳಿಸಬೇಕಾಯಿತು, ಅದು ಯಾಕೆ ಅಂತ ಹೇಳುತ್ತೇನೆ, ನಿಮಗೆ ಆ ದುಡ್ಡು ಉಳಿಯಲಿ. ಅದರ ಫೋಕಸ್ ಬದಲಾಯಿಸಲು ಆಗುತ್ತಿರಲಿಲ್ಲ. ಮುಖಕ್ಕೆ ಅಂತ ಮಾಡಿದ ಅಂಥ ಕ್ಯಾಮೆರಾಗಳ ಫೋಕಸ್ಸನ್ನು ಎದುರು ಕೂತವರ ದೂರಕ್ಕೆ, ಅಂದರೆ ಸುಮಾರು ಎರಡಡಿ ಆಚೆಗೆ ಹೊಂದಿಸಿಟ್ಟಿರುತ್ತಾರೆ. ಕತ್ತು ಬಗ್ಗಿಸಿ ಪುಟದ ಮೇಲೆ ಒಂದಡಿ ಎತ್ತರಕ್ಕೆ ತಂದರೆ ಅಕ್ಷರವೆಲ್ಲ ಮಂಜು. ಆದ್ದರಿಂದ ಅಂಗಡಿಯಲ್ಲಿ ಮೆಗಾಪಿಕ್ಸೆಲ್ ಎಷ್ಟು ಅಂತ ಕೇಳುವ ಮೊದಲು ಹತ್ತಿರದ ಫೋಕಸ್ ಎಷ್ಟು ಸೆಂಟಿಮೀಟರ್‌ನಿಂದ ಸಿಗುತ್ತದೆ ಅಂತ ಕೇಳಿ. ಸಾಧ್ಯವಾದರೆ ಅಲ್ಲೇ ಒಂದು ಬಿಲ್ ಇಟ್ಟು ನೋಡಿ.

ಈಗ ನನ್ನ ಹತ್ತಿರ ಇರುವುದಕ್ಕೆ ಲೆನ್ಸ್ ಸುತ್ತ ಕೈಯಲ್ಲಿ ತಿರುಗಿಸುವ ಉಂಗುರ ಇದೆ. ಆಟೋಫೋಕಸ್ ಬೇಡವೇ ಬೇಡ ಅಂತಲ್ಲ, ಆದರೆ ಬರೆಯುವಾಗ ಕೈ ಅಡ್ಡ ಬಂದಾಗಲೆಲ್ಲ ಅದು ಕೈಯನ್ನೇ ಹುಡುಕಿಕೊಂಡು ಹೋಗುತ್ತದೆ, ಪುಟ ಮಂಜಾಗುತ್ತದೆ, ಮತ್ತೆ ಸ್ಪಷ್ಟವಾಗುತ್ತದೆ. ಒಂದು ಗಂಟೆ ಹಾಗೆ ನೋಡಿದರೆ ಮಕ್ಕಳಿಗೆ ತಲೆನೋವು. ಆಟೋಫೋಕಸ್ ಇರುವುದನ್ನೇ ತಗೊಂಡರೆ ಫೋಕಸ್ ಲಾಕ್ ಮಾಡಲು ಆಗುತ್ತದಾ ನೋಡಿಕೊಳ್ಳಿ.

ಪಿಕ್ಸೆಲ್ ಲೆಕ್ಕ ನೀವೇ ಗಣಿತದವರು, ಬೇಗ ಹೇಳಿಬಿಡುತ್ತೇನೆ. ಎ4 ಹಾಳೆ 297 ಮಿ.ಮೀ. ಉದ್ದ, 210 ಮಿ.ಮೀ. ಅಗಲ. ಹಾಳೆಯನ್ನು ಅಡ್ಡ ಇಟ್ಟು ಪೂರ್ತಿ ತೋರಿಸಿದರೆ 1080ಪಿ ಕ್ಯಾಮೆರಾದಲ್ಲಿ, ಅಂದರೆ ಚಿತ್ರದ ಎತ್ತರದಲ್ಲಿ 1080 ಪಿಕ್ಸೆಲ್ ಇರುವುದರಲ್ಲಿ, ಒಂದು ಮಿಲಿಮೀಟರ್‌ಗೆ ಐದು ಪಿಕ್ಸೆಲ್ ಸಿಗುತ್ತದೆ, 720ಪಿಯಲ್ಲಿ ಮೂರೂವರೆಗಿಂತ ಕಡಿಮೆ. ಹಾಗಾಗಿ 1080 ಸಾಕು. 4ಕೆಗೆ ಜಾಸ್ತಿ ಕೊಟ್ಟರೂ ಕಾಲ್‌ನಲ್ಲಿ ಅಷ್ಟು ಪೂರ್ತಿ ಎದುರಿನವರಿಗೆ ಹೋಗುವುದಿಲ್ಲ. ಅರ್ಧ ಪುಟ ಮಾತ್ರ ತೋರಿಸಿ ಬರೆಯುವುದು ಇನ್ನೂ ಒಳ್ಳೆಯದು.

ಇನ್ನು ನಾನು ಒಂದು ವರ್ಷ ತಪ್ಪು ಮಾಡಿ ಕಲಿತದ್ದು. ಪುಟವನ್ನು ಮುಖದ ವಿಡಿಯೋ ಜಾಗದಲ್ಲಿ ಕಳಿಸಬೇಡಿ. ನೆಟ್ ಸ್ವಲ್ಪ ನಿಧಾನವಾದರೆ ಆ ವಿಡಿಯೋದ ಗುಣಮಟ್ಟವನ್ನು ಆಪ್ ತಾನೇ ಇಳಿಸುತ್ತದೆ. ಮುಖಕ್ಕಾದರೆ ನಡೆಯುತ್ತದೆ, ಅಕ್ಷರಕ್ಕೆ ನಡೆಯುವುದಿಲ್ಲ. ಸ್ಕ್ರೀನ್ ಶೇರ್ ಹಾಗಲ್ಲ, ಅದು ವೇಗ ಬಿಟ್ಟು ಸ್ಪಷ್ಟತೆ ಉಳಿಸಿಕೊಳ್ಳುತ್ತದೆ. ಝೂಮ್‌ನಲ್ಲಿ ಶೇರ್ ಒತ್ತಿ 'ಅಡ್ವಾನ್ಸ್‌ಡ್' ಒಳಗೆ ಹೋದರೆ 'ಕಂಟೆಂಟ್ ಫ್ರಮ್ ಸೆಕೆಂಡ್ ಕ್ಯಾಮೆರಾ' ಅಂತ ಇದೆ, ಅದನ್ನು ಆರಿಸಿ. ಗೂಗಲ್ ಮೀಟ್ ಆದರೆ ವಿಂಡೋಸ್‌ನ ಕ್ಯಾಮೆರಾ ಆಪ್‌ನಲ್ಲಿ ಬಾಗುವ ಕ್ಯಾಮೆರಾವನ್ನು ತೆರೆದುಕೊಂಡು ಆ ಕಿಟಕಿಯನ್ನೇ ಶೇರ್ ಮಾಡಿ. ನಿಮ್ಮ ಮುಖ ಲ್ಯಾಪ್‌ಟಾಪ್ ಕ್ಯಾಮೆರಾದಲ್ಲೇ ಇರುತ್ತದೆ. ಮಕ್ಕಳಿಗೆ ಮಿಸ್ಸೂ ಕಾಣಬೇಕು, ಲೆಕ್ಕವೂ ಕಾಣಬೇಕು ಅಲ್ವಾ.

ಮೂಡಿಗೆರೆಯಿಂದ, ಕಾಫಿ ಬೆಳೆಗಾರರು:

ನಾನು ಪಾಠ ಮಾಡುವವನಲ್ಲ, ಆದರೂ ಹೇಳುತ್ತೇನೆ. ನನ್ನ ಹತ್ತಿರ ಇರುವುದು ಡೆಸ್ಕ್‌ಟಾಪ್, ಅದಕ್ಕೆ ಬಾಗುವ ಕ್ಯಾಮೆರಾ ಒಂದೇ. ಬೆಂಗಳೂರಿನಲ್ಲಿರುವ ಮಗನ ಜೊತೆ ಮಾತಾಡುವಾಗ ಮುಖಕ್ಕೆ ತಿರುಗಿಸುತ್ತೇನೆ, ತೋಟದ ವಿಷಯ ಬಂದಾಗ ಮೇಜಿನ ಕಡೆ ಬಗ್ಗಿಸುತ್ತೇನೆ. ಎರಡು ಕ್ಯಾಮೆರಾ ಬೇಕು ಅಂತ ನನಗೆ ಯಾವತ್ತೂ ಅನಿಸಿಲ್ಲ. ಕಳೆದ ಮಳೆಗಾಲದಲ್ಲಿ ಅರೇಬಿಕಾ ಎಲೆಯ ಹಿಂಬದಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡಿತು. ಎಲೆಯನ್ನು ಬಿಳಿ ಹಾಳೆ ಮೇಲೆ ಮಗುಚಿಟ್ಟು ಕ್ಯಾಮೆರಾವನ್ನು ಗೇಣು ದೂರಕ್ಕೆ ತಂದು ತೋಟದ ಬಗ್ಗೆ ಸಲಹೆ ಕೊಡುವ ಪರಿಚಯದವರಿಗೆ ತೋರಿಸಿದೆ. ನೋಡಿದ ಕೂಡಲೇ ಎಲೆ ತುಕ್ಕು ಅಂದರು. ಕಾಯಿಕೊರಕ ಹುಳು ಕಾಯಿಯ ತುದಿಯಲ್ಲಿ ಮಾಡುವ ಸೂಜಿಮೊನೆಯಷ್ಟು ತೂತವೂ ಹೀಗೇ ಕಾಣುತ್ತದೆ. ಫೋಟೋ ಕಳಿಸಿದರೆ ಆ ಕಡೆಯವರು "ಸ್ವಲ್ಪ ಓರೆ ಮಾಡಿ, ಪಕ್ಕದ ಕಾಯಿ ತೋರಿಸಿ" ಅನ್ನಲು ಆಗುವುದಿಲ್ಲ, ಇಲ್ಲಿ ಆಗುತ್ತದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಹೋಗುವುದನ್ನೇ ಬಿಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಜೋರು ಮಳೆಯಲ್ಲಿ ರಸ್ತೆಗಿಳಿಯುವ ಮೊದಲು ಒಬ್ಬ ತಿಳಿದವರ ಕಣ್ಣಿಗೆ ಬಿದ್ದರೆ ದೊಡ್ಡ ಸಮಾಧಾನ.

ಮಲೆನಾಡಿನವರು ಒಂದು ನೆನಪಿಟ್ಟುಕೊಳ್ಳಿ. ಜುಲೈ ಆಗಸ್ಟ್ ಥಂಡಿಗೆ ಲೆನ್ಸ್ ಒಳಗೆ ಬೂಷ್ಟು ಹಿಡಿಯುತ್ತದೆ. ಬಳಸದಿದ್ದಾಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನನ್ನ ಮೊದಲ ಕ್ಯಾಮೆರಾ ಹೋದದ್ದೇ ಹಾಗೆ.

ಚಿಕ್ಕಮಗಳೂರಿನವರು ಮತ್ತೆ:

ಒಂದೇ ಕ್ಯಾಮೆರಾ ತಿರುಗಿಸುವುದು ಮನೆ ಮಾತಿಗೆ ಸರಿ. ತರಗತಿಯಲ್ಲಿ ಗಂಟೆಗೆ ಇಪ್ಪತ್ತು ಸಲ ತಿರುಗಿಸಬೇಕಾಗುತ್ತದೆ, ಪ್ರತಿ ಸಲ ಫೋಕಸ್ ಹೊಂದಿಸಬೇಕು, ಕತ್ತೂ ಬೇಗ ಸಡಿಲವಾಗುತ್ತದೆ. ಹಾಸನದವರ ಹತ್ತಿರ ಹೇಗೂ ಲ್ಯಾಪ್‌ಟಾಪ್ ಇದೆ, ಮುಖಕ್ಕೆ ಅದರ ಕ್ಯಾಮೆರಾ ಸಾಕು. ಭಾನುವಾರ ಮಗಳಿಗೆ ಅಡುಗೆ, ಹೊಲಿಗೆ ಏನಾದರೂ ತೋರಿಸುವುದಿದ್ದರೆ ಮಾತ್ರ ಬಾಗುವುದನ್ನು ಬಳಸಲಿ.

ಸಕಲೇಶಪುರದಿಂದ:

ಖರೀದಿಗೆ ಮೊದಲು ಹಳೆ ಆಂಡ್ರಾಯ್ಡ್ ಫೋನ್ ಇದೆಯಾ ನೋಡಿ. ಬಾಗುವ ಮೊಬೈಲ್ ಸ್ಟ್ಯಾಂಡ್ ತಂದು, ಡ್ರಾಯ್ಡ್‌ಕ್ಯಾಮ್ ಅಥವಾ ಇರಿಯನ್ ಆಪ್ ಹಾಕಿದರೆ ಫೋನೇ ವೆಬ್‌ಕ್ಯಾಮ್ ಆಗುತ್ತದೆ. ವೈಫೈ ಬೇಡ, ಯುಎಸ್‌ಬಿ ಕೇಬಲ್‌ನಲ್ಲೇ ಸೇರಿಸಿ. ಫೋನ್ ಭಾರಕ್ಕೆ ಅಗ್ಗದ ಸ್ಟ್ಯಾಂಡ್ ಬಾಗಿ ಬಾಗಿ ಕೊನೆಗೆ ಪುಟದ ಮೇಲೇ ಬೀಳುತ್ತದೆ, ಗಟ್ಟಿಯಾದದ್ದೇ ತಗೊಳ್ಳಿ.

ಬೇಲೂರಿನಿಂದ, ಕಸೂತಿ ಕಲಿಸುವವರು:

ಯಾರೂ ಅಲುಗಾಟದ ವಿಷಯ ಎತ್ತಲಿಲ್ಲ. ಕ್ಯಾಮೆರಾ ಇರುವ ಮೇಜಿನ ಮೇಲೇ ಬರೆದರೆ ಪ್ರತಿ ಗೆರೆಗೂ ಕತ್ತು ನಡುಗುತ್ತದೆ, ನೋಡುವವರಿಗೆ ಪುಟವೇ ತೂಗಿದ ಹಾಗೆ. ನಾನು ಕ್ಲಾಂಪ್ ಇರುವ ಕ್ಯಾಮೆರಾವನ್ನು ಪಕ್ಕದ ಕಿಟಕಿ ಸರಳಿಗೆ ಕಚ್ಚಿಸಿದ್ದೇನೆ. ಕೆಲಸ ಮಾಡುವ ಮೇಜು ಬೇರೆ, ಕ್ಯಾಮೆರಾ ಹಿಡಿದದ್ದು ಬೇರೆ. ಆವತ್ತಿನಿಂದ ಚಿತ್ರ ಕಲ್ಲಿನ ಹಾಗೆ ನಿಂತಿದೆ. ಕತ್ತನ್ನು ಪೂರ್ತಿ ಚಾಚಬೇಡಿ, ಎಷ್ಟು ಗಿಡ್ಡವೋ ಅಷ್ಟು ಸ್ಥಿರ.

ಬೆಳಕು ಮೇಲಿನಿಂದ ಬಂದರೆ ನಿಮ್ಮ ತಲೆ, ಕೈ, ಕ್ಯಾಮೆರಾ ಎಲ್ಲದರ ನೆರಳೂ ಪುಟದ ಮೇಲೆ. ಬಲಗೈಯವರಾದರೆ ಎಡಗಡೆಯಿಂದ ಒಂದು ದೀಪ ಓರೆಯಾಗಿ ಇಡಿ. ಕಪ್ಪು ಮೇಜಿನ ಮೇಲೆ ಬಿಳಿ ಹಾಳೆ ಬೇಡ. ಸುತ್ತಲಿನ ಕತ್ತಲು ನೋಡಿ ಕ್ಯಾಮೆರಾ ಬೆಳಕು ಏರಿಸುತ್ತದೆ, ಪೆನ್ಸಿಲ್ ಗೆರೆ ಮಾಯ. ಕೆಳಗೆ ಒಂದು ಹಳೆ ಪೇಪರ್ ಹಾಸಿ, ಅಷ್ಟೇ ಸಾಕು. ಟ್ಯೂಬ್‌ಲೈಟ್ ಕೆಳಗೆ ಚಿತ್ರದಲ್ಲಿ ಪಟ್ಟಿಗಳು ಓಡಿದರೆ ಸೆಟ್ಟಿಂಗ್‌ನಲ್ಲಿ ಫ್ಲಿಕರ್ ಅನ್ನುವ ಕಡೆ 50 ಹರ್ಟ್ಸ್ ಆರಿಸಿ. ನಮ್ಮ ಕರೆಂಟ್ 50 ಹರ್ಟ್ಸ್, ಕೆಲವು ಕ್ಯಾಮೆರಾ 60ಕ್ಕೆ ಹೊಂದಿಸಿ ಬಂದಿರುತ್ತವೆ.

ಅರಸೀಕೆರೆಯಿಂದ, ನಿವೃತ್ತರು:

ನಾನು ಬಳಸುವುದು ಹೆಚ್ಚಾಗಿ ಕಾಗದಪತ್ರಕ್ಕೆ. ತಮ್ಮ ಹೊರದೇಶದಲ್ಲಿದ್ದಾನೆ, ಜಮೀನು ಭಾಗದ ಮಾತುಕತೆ ನಡೆಯುತ್ತಿತ್ತು. ಅಪ್ಪನ ಕಾಲದ ಕೈಬರಹದ ಪಾಲುಪಟ್ಟಿ ಮಡಿಕೆಯಲ್ಲಿ ಹರಿದಿದೆ, ಸ್ಕ್ಯಾನರ್‌ಗೆ ಹಾಕಲು ಮನಸ್ಸು ಬರಲಿಲ್ಲ. ಮೇಜಿನ ಮೇಲೆ ಹರಡಿ ಕ್ಯಾಮೆರಾ ಸರಿಸುತ್ತಾ ಸಾಲು ಸಾಲಾಗಿ ಇಬ್ಬರೂ ಒಟ್ಟಿಗೆ ಓದಿದೆವು. ಮಧ್ಯದಲ್ಲಿ ಅಪ್ಪನ ಸಹಿ ಬಂದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಂದಿನ ಮಾತು ಸುಲಭವಾಯಿತು.

ಲ್ಯಾಮಿನೇಟ್ ಮಾಡಿದ್ದು ಹೊಳೆಯುತ್ತದೆ, ಕ್ಯಾಮೆರಾದಲ್ಲೇ ಇರುವ ಲೈಟ್ ಆಫ್ ಮಾಡಿ ಪಕ್ಕದ ದೀಪ ಹಾಕಿ. ಕಾಲ್ ರೆಕಾರ್ಡ್ ಆಗುತ್ತಿದ್ದರೆ ಆಧಾರ್, ಪಾಸ್‌ಬುಕ್ ಹಿಡಿಯಬೇಡಿ. ತೋರಿಸಲೇಬೇಕಾದರೆ ಮೊದಲ ಎಂಟು ಅಂಕಿ ಮರೆಯಾಗಿರುವ ಮಾಸ್ಕ್ಡ್ ಆಧಾರ್ ತೆಗೆದಿಟ್ಟುಕೊಳ್ಳಿ. ಕರೆಂಟ್ ಹೋದರೂ ಕ್ಯಾಮೆರಾ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ರೂಟರ್ ನಿಲ್ಲುತ್ತದೆ. ರೂಟರ್‌ಗೆ ಅಂತಲೇ ಬರುವ ಚಿಕ್ಕ ಯುಪಿಎಸ್ ಇಟ್ಟುಕೊಂಡರೆ ಪಾಠ ಮಧ್ಯಕ್ಕೆ ನಿಲ್ಲುವುದಿಲ್ಲ.

ಹಾಸನದಿಂದ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಕಲೇಶಪುರದವರ ಮಾತು ಕೇಳಿ ಮೊದಲು ಹಳೆ ಫೋನ್‌ನಲ್ಲಿ ನೋಡಿದೆ. ಎರಡು ತರಗತಿ ಚೆನ್ನಾಗಿ ನಡೆಯಿತು, ಮೂರನೆಯದರಲ್ಲಿ ಫೋನ್ ಬಿಸಿಯಾಗಿ ಆಫ್ ಆಯಿತು. ಆಮೇಲೆ ಕೈಯಲ್ಲಿ ಫೋಕಸ್ ತಿರುಗಿಸುವ 1080ಪಿ ಕ್ಯಾಮೆರಾ ತಂದೆ. ಕಿಟಕಿ ಸರಳಿಗೆ ಕಚ್ಚಿಸಿದ್ದೇನೆ, ಪುಟವನ್ನು ಶೇರ್‌ನಲ್ಲೇ ಕಳಿಸುತ್ತಿದ್ದೇನೆ. ಎದುರಿನಿಂದ ಬಗ್ಗಿಸಿದ್ದರಿಂದ ಚಿತ್ರ ತಲೆಕೆಳಗಾಗಿ ಬಂತು. ಅದಕ್ಕೆ ಕ್ಯಾಮೆರಾವನ್ನು ನನ್ನ ಎಡಭುಜದ ಕಡೆಯಿಂದ ತಂದೆ, ನೆಟ್ಟಗಾಯಿತು. ನಿನ್ನೆ ವರ್ಗ ಸಮೀಕರಣ ಮಾಡಿದೆವು. ಮೈನಸ್ಸಾ ಪ್ಲಸ್ಸಾ ಅಂತ ಯಾರೂ ಕೇಳಲಿಲ್ಲ. ನಾನೇ ಒಂದು ಕಡೆ ಚಿಹ್ನೆ ತಪ್ಪು ಬರೆದಿದ್ದೆ, ಆಲೂರಿನ ಹುಡುಗಿ ಕೂತಲ್ಲಿಂದಲೇ ಅದನ್ನು ಹಿಡಿದಳು.