ಕುಡಿತಕ್ಕೆ ಮರಳಿದ ತಮ್ಮನನ್ನು ಇನ್ನೂ ಕ್ರೈಸ್ತನೆನ್ನಬಹುದೇ?

ಪ್ರಶ್ನೆ: ಧಾರವಾಡದ ಒಬ್ಬ ಅಕ್ಕ

ಎಲ್ಲರಿಗೂ ವಂದನೆಗಳು. ನನ್ನ ತಮ್ಮನು ಆರು ವರ್ಷಗಳ ಹಿಂದೆ ಕುಡಿತವನ್ನು ಬಿಟ್ಟು, ಸಭೆಯ ಮುಂದೆ ಸಾಕ್ಷಿ ಹೇಳಿ ದೀಕ್ಷಾಸ್ನಾನ ಪಡೆದನು. ಕಳೆದ ವರ್ಷ ಕೆಲಸ ಹೋದ ಮೇಲೆ ಮತ್ತೆ ಕುಡಿಯತೊಡಗಿದ್ದಾನೆ; ಬಿಡುತ್ತಾನೆ, ಎರಡು ತಿಂಗಳು ನೆಟ್ಟಗಿರುತ್ತಾನೆ, ಮತ್ತೆ ಬೀಳುತ್ತಾನೆ. ಮೊನ್ನೆ ಸಭೆಯ ಹಿರಿಯರೊಬ್ಬರು ಯೋಹಾನನ ಮೊದಲನೆಯ ಪತ್ರಿಕೆಯ 3:9ನ್ನು ತೋರಿಸಿ, ದೇವರಿಂದ ಹುಟ್ಟಿದವನು ಪಾಪ ಮಾಡುವುದಿಲ್ಲ, ಆದ್ದರಿಂದ ನೀನು ಎಂದೂ ಕ್ರೈಸ್ತನಾಗಿರಲೇ ಇಲ್ಲ ಎಂದು ಅವನ ಎದುರಿಗೇ ಹೇಳಿದರು. ಅಂದಿನಿಂದ ಅವನು ಪ್ರಾರ್ಥನೆಯನ್ನೂ ನಿಲ್ಲಿಸಿದ್ದಾನೆ. ಅವನ ಪಾಪ ಸಣ್ಣದೆಂದು ನಾನು ಹೇಳುತ್ತಿಲ್ಲ. ಆದರೆ ಒಬ್ಬನ ನಡತೆಯನ್ನು ನೋಡಿ ಅವನು ಕ್ರೈಸ್ತನೇ ಅಲ್ಲವೆಂದು ತೀರ್ಮಾನಿಸಲು ವಾಕ್ಯದಲ್ಲಿ ಆಧಾರವಿದೆಯೇ?

ಉತ್ತರ 1: ನಿವೃತ್ತ ಸಭಾಪಾಲಕ

ಸಹೋದರಿಯವರೇ, ಅದೇ ಪತ್ರಿಕೆಯ 1:8ನ್ನು ಆ ಹಿರಿಯರು ಓದಲಿಲ್ಲವೆಂದು ತೋರುತ್ತದೆ. ನಮ್ಮಲ್ಲಿ ಪಾಪವಿಲ್ಲವೆಂದು ಹೇಳಿದರೆ ನಮ್ಮನ್ನು ನಾವೇ ಮೋಸಪಡಿಸಿಕೊಳ್ಳುತ್ತೇವೆ ಎಂದು ಬರೆದ ಕೈಯೇ 3:9ನ್ನೂ ಬರೆದಿದೆ. ಅಲ್ಲಿನ ಗ್ರೀಕ್ ಕ್ರಿಯಾಪದವು ವರ್ತಮಾನ ಕಾಲದಲ್ಲಿರುವುದರಿಂದ, ಪಾಪದಲ್ಲೇ ನಿಶ್ಚಿಂತನಾಗಿ ಮುಂದುವರಿಯುವವನ ಕುರಿತಾಗಿ ಆ ಮಾತಿದೆಯೆಂದು ಅನೇಕರು ವ್ಯಾಖ್ಯಾನಿಸುತ್ತಾರೆ. ಕೇವಲ ವ್ಯಾಕರಣದ ಮೇಲೆ ಇಷ್ಟು ಭಾರ ಹೊರಿಸುವುದು ನನಗೆ ಅಷ್ಟಾಗಿ ಒಪ್ಪಿಗೆಯಾಗದು. ಎರಡು ವಚನಗಳನ್ನೂ ಒಟ್ಟಿಗೆ ಇಟ್ಟು ಓದಿದರೆ ಸಾಕು.

ನಿಮ್ಮ ಪ್ರಶ್ನೆಗೆ ಹತ್ತಿರವಾದದ್ದು ಕೊರಿಂಥದ ಸಭೆ. ಅಲ್ಲಿ ಒಬ್ಬನು ತನ್ನ ತಂದೆಯ ಹೆಂಡತಿಯನ್ನು ಇಟ್ಟುಕೊಂಡಿದ್ದನು. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ನ್ಯಾಯಸ್ಥಾನಕ್ಕೆ ಹೋಗುತ್ತಿದ್ದರು. ಯೇಸುವಿನ ಮರಣವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಕೂಡಿಬಂದಾಗಲೇ ಒಬ್ಬನು ಹಸಿದಿದ್ದರೆ ಮತ್ತೊಬ್ಬನು ಅಮಲೇರಿ ಕುಳಿತಿರುತ್ತಿದ್ದನು. ಇಂಥವರಿಗೆ ಬರೆದ ಮೊದಲನೆಯ ಪತ್ರವನ್ನು ಅಪೊಸ್ತಲನಾದ ಪೌಲನು ಆರಂಭಿಸುವುದೇ ಅವರನ್ನು ದೇವಜನರೆಂದು ಕರೆದು, ಮತ್ತು ಆ ಭೋಜನದ ಗದ್ದಲವನ್ನು ಖಂಡಿಸಿ ಮುಗಿಸುವಾಗಲೂ "ನನ್ನ ಸಹೋದರರೇ" ಎಂದೇ ಅನ್ನುತ್ತಾನೆ. ಅದರ 5ನೆಯ ಅಧ್ಯಾಯದಲ್ಲಿ ಪಾಪವನ್ನು ಹಿಟ್ಟಿಗೆ ಸೇರಿದ ಹುಳಿಗೆ ಹೋಲಿಸಿ, ಹಳೆಯ ಹುಳಿಯನ್ನು ತೆಗೆದುಹಾಕಿರಿ ಎಂದು ಆಜ್ಞಾಪಿಸುವಾಗ ಅವನು ಕೊಡುವ ಕಾರಣವನ್ನು ಗಮನಿಸಿರಿ: ನೀವು ಈಗಾಗಲೇ ಹುಳಿಯಿಲ್ಲದವರಾಗಿದ್ದೀರಿ. ಶುದ್ಧರಾದರೆ ದೇವರ ಮಕ್ಕಳಾಗುವಿರಿ ಎಂದು ಅವನು ಹೇಳುವುದಿಲ್ಲ. ದೇವರ ಮಕ್ಕಳಾಗಿರುವುದರಿಂದಲೇ ಈ ಹೊಲಸು ನಿಮಗೆ ಒಪ್ಪುವುದಿಲ್ಲ ಎನ್ನುತ್ತಾನೆ. ಆ ಹಿರಿಯರು ಈ ಕ್ರಮವನ್ನೇ ತಲೆಕೆಳಗು ಮಾಡಿದ್ದಾರೆ.

ಆದರೂ ಒಂದು ಮಾತು. ಅದೇ ಅಧ್ಯಾಯದ 11ನೆಯ ವಚನವು, ಸಹೋದರನೆನಿಸಿಕೊಂಡವನು ಕುಡಿಕನಾಗಿದ್ದರೆ ಅವನ ಸಂಗಡ ಊಟವನ್ನೂ ಮಾಡಬೇಡಿರಿ ಎನ್ನುತ್ತದೆ. ಶಿಸ್ತು ಬೇಡವೆಂದು ಯಾರೂ ಹೇಳಲಾರರು. ಆದರೆ ಶಿಸ್ತು ಮನೆಯವನಿಗೇ ಹೊರತು ಹೊರಗಿನವನಿಗಲ್ಲ. ಹೊರಗಿನವರ ವಿಷಯದಲ್ಲಿ ತೀರ್ಪು ಮಾಡುವುದು ನನ್ನ ಕೆಲಸವೇ ಎಂದು ಪೌಲನು ಮುಂದಿನ ವಚನದಲ್ಲೇ ಕೇಳುತ್ತಾನೆ.

ಉತ್ತರ 2: ಕರಾವಳಿಯ ಕಥೋಲಿಕ ಓದುಗ

ಸಭಾಪಾಲಕರ ಮಾತಿಗೆ ಚರಿತ್ರೆಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. 303ರಲ್ಲಿ ದಿಯೋಕ್ಲೇತಿಯನ್ ಚಕ್ರವರ್ತಿಯು ಪವಿತ್ರ ಗ್ರಂಥಗಳನ್ನು ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ, ಪ್ರಾಣಭಯದಿಂದ ಒಪ್ಪಿಸಿಬಿಟ್ಟ ಬಿಷಪರೂ ಇದ್ದರು. ಅಂಥವರು ಕೊಟ್ಟ ಸಂಸ್ಕಾರಗಳಿಗೆ ಬೆಲೆಯಿಲ್ಲ, ಸಭೆಯಲ್ಲಿ ಶುದ್ಧರು ಮಾತ್ರ ಇರಬೇಕು ಎಂದು ಉತ್ತರ ಆಫ್ರಿಕಾದ ದೊನಾತಿಸ್ಟರೆಂಬ ಪಂಗಡದವರು ಬೇರೆಯಾಗಿ, ತಮ್ಮಲ್ಲಿಗೆ ಬಂದವರಿಗೆ ಜ್ಞಾನಸ್ನಾನವನ್ನು (ನೀವು ದೀಕ್ಷಾಸ್ನಾನ ಎನ್ನುವುದನ್ನು) ಮತ್ತೊಮ್ಮೆ ಕೊಡತೊಡಗಿದರು. ಅವರಿಗೆ ಉತ್ತರ ಕೊಟ್ಟ ಸಂತ ಅಗಸ್ಟೀನರು ರೋಮನ್ ಸೈನಿಕನ ಮೈಮೇಲಿನ ಮುದ್ರೆಯ ಉದಾಹರಣೆಯನ್ನು ಬಳಸುತ್ತಾರೆ. ದಂಡನ್ನು ಬಿಟ್ಟು ಓಡಿಹೋದವನ ಮೈಮೇಲೂ ಆ ಮುದ್ರೆ ಉಳಿದೇ ಇರುತ್ತದೆ. ಅವನು ತಪ್ಪಿತಸ್ಥನೆಂಬುದಕ್ಕೆ ಅದೇ ಸಾಕ್ಷಿ, ಆದರೆ ಕ್ಷಮೆ ಪಡೆದು ಮರಳಿದಾಗ ಮುದ್ರೆಯನ್ನು ಹೊಸದಾಗಿ ಒತ್ತುವುದಿಲ್ಲ. ಜ್ಞಾನಸ್ನಾನವೂ ಹಾಗೆಯೇ.

ನಮ್ಮಲ್ಲಿ ಮಾರಕ ಪಾಪ ಮಾಡಿದವನು ಪಾಪನಿವೇದನೆ ಮಾಡುವ ತನಕ ಪರಮಪ್ರಸಾದವನ್ನು, ಅಂದರೆ ಕರ್ತನ ಭೋಜನವನ್ನು, ಸ್ವೀಕರಿಸಬಾರದು. ಅವನು ಕಳೆದುಕೊಂಡದ್ದು ಕೃಪೆಯ ಸ್ಥಿತಿಯನ್ನು, ಕ್ರೈಸ್ತನೆಂಬ ಹೆಸರನ್ನಲ್ಲ. ಪ್ರೀತಿಯಿಲ್ಲದ ವಿಶ್ವಾಸವುಳ್ಳವನು ಕ್ರೈಸ್ತನಲ್ಲ ಎನ್ನುವವರನ್ನೇ 1547ರಲ್ಲಿ ಕಥೋಲಿಕ ಬಿಷಪರ ತ್ರೆಂತ್ ಮಹಾಸಭೆಯು ಶಪಿಸಿತು. ಆ ಸಭೆ ಯಾರ ವಿರುದ್ಧ ಕೂಡಿತ್ತೋ ಆ ಪ್ರೊಟೆಸ್ಟಂಟ್ ಸುಧಾರಕ ಲೂಥರರೂ ವಿಶ್ವಾಸಿಯು ಒಂದೇ ಕಾಲದಲ್ಲಿ ನೀತಿವಂತನೂ ಪಾಪಿಯೂ ಆಗಿದ್ದಾನೆ ಎಂದು ಬೋಧಿಸಿದ್ದರು. ಬೇರೆಲ್ಲದರಲ್ಲಿ ಜಗಳವಾಡಿದ ಎರಡು ಪಕ್ಷಗಳೂ ಆ ಹಿರಿಯರ ಮಾತನ್ನು ಒಪ್ಪುತ್ತಿರಲಿಲ್ಲವೆಂಬುದು ನನಗೆ ಸ್ವಲ್ಪ ತಮಾಷೆಯಾಗಿಯೂ ಕಾಣುತ್ತದೆ.

ಉತ್ತರ 3: ಕುಡಿಯುವವನ ಹೆಂಡತಿಯಾಗಿದ್ದವಳು

ನನ್ನ ಪತಿಯ ವಿಷಯದಲ್ಲಿ ಹನ್ನೊಂದು ವರ್ಷ ಇದೇ ಚರ್ಚೆ ನಡೆಯಿತು. ಅವರು ರಕ್ಷಣೆ ಹೊಂದಿದವರೋ ಅಲ್ಲವೋ ಎಂದು ಮನೆಗೆ ಬಂದವರೆಲ್ಲ ವಾದಿಸುತ್ತಿದ್ದರು. ಮಕ್ಕಳ ಶಾಲೆಯ ಫೀಸು ಕಟ್ಟಿದ್ದೀರಾ ಎಂದು ಕೇಳಿದವರು ಇಬ್ಬರೇ. ಅಕ್ಕನವರೇ, ನಿಮ್ಮ ತಮ್ಮನು ಕ್ರೈಸ್ತನೇ ಎಂದು ಅವರಿಗೆ ಧೈರ್ಯ ಹೇಳಿರಿ, ಅದು ಸರಿ. ಆದರೆ ಆ ಮಾತು ಅವರಿಗೆ ಹಾಸಿಗೆಯಾಗಬಾರದು. ಅವರ ಹೆಂಡತಿಯ ಹತ್ತಿರ ಬೇರೆಯಾಗಿ ಕುಳಿತು ಮಾತನಾಡಿದ್ದೀರಾ? ವ್ಯಸನಮುಕ್ತಿ ಚಿಕಿತ್ಸೆ ಕೊಡುವ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿದ್ದೀರಾ? ಬಹಳ ವರ್ಷ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ಉಪವಾಸ ಪ್ರಾರ್ಥನೆಯೊಂದನ್ನೇ ನಂಬಿ ಮನೆಯಲ್ಲಿ ಕೂಡಿಹಾಕಬೇಡಿರಿ.

ಪ್ರಶ್ನೆ ಕೇಳಿದ ಅಕ್ಕ

ಮೂವರಿಗೂ ಕೃತಜ್ಞತೆಗಳು. ಮೂರನೆಯ ಉತ್ತರವನ್ನು ಓದಿ ನಾದಿನಿಗೆ ಫೋನ್ ಮಾಡಿದೆ. ಕಳೆದ ವಾರ ಅವಳ ಬಳೆಗಳು ಗಿರವಿಗೆ ಹೋಗಿರುವ ಸಂಗತಿ ನನಗೆ ತಿಳಿದಿರಲಿಲ್ಲ. ಸೋಮವಾರ ವೈದ್ಯರನ್ನು ನೋಡಲು ತಮ್ಮನು ಒಪ್ಪಿದ್ದಾನೆ. ಕರ್ತನ ಭೋಜನದ ಮೇಜಿಗೆ ಮಾತ್ರ ಬರುವುದಿಲ್ಲವೆನ್ನುತ್ತಾನೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11:28 ತನ್ನನ್ನು ಪರೀಕ್ಷಿಸಿಕೊಂಡು ದೂರವಿರಲಿ ಎನ್ನುವುದಿಲ್ಲ, ಪರೀಕ್ಷಿಸಿಕೊಂಡು ತಿನ್ನಲಿ ಎನ್ನುತ್ತದೆ ಎಂದು ನಾನು ಅವನಿಗೆ ಹೇಳಿದೆ. ಸಭಾಪಾಲಕರೇ, ನಾನು ಓದಿದ್ದು ಸರಿಯೇ, ಅಥವಾ ಇನ್ನೂ ಸ್ವಲ್ಪ ದಿನ ಕಾಯುವುದು ಒಳ್ಳೆಯದೇ?