ಪ್ರಶ್ನೋತ್ತರ: ಸ್ಟ್ರೋಕ್ ಆದ ಮೇಲೆ ನ್ಯೂರೋಸೈಕಾಲಜಿ ಪರೀಕ್ಷೆ ಏಕೆ, ಹೇಗೆ?

ಪ್ರಶ್ನೆ (ಮಂಡ್ಯ ತಾಲ್ಲೂಕಿನ ಸದಸ್ಯೆ): ನಮಸ್ಕಾರ ಮೇಡಂ. ನಮ್ಮ ತಂದೆಯವರಿಗೆ 62 ವರ್ಷ. ನಾಲ್ಕನೆಯ ತರಗತಿಯವರೆಗೆ ಓದಿ, ಕಬ್ಬು ಬೆಳೆದು ಜೀವನ ಮಾಡಿದವರು. ಕಳೆದ ವರ್ಷ ಸ್ಟ್ರೋಕ್ ಆಗಿ ಕೈಕಾಲಿನ ಸ್ವಾಧೀನ ಮರಳಿ ಬಂದಿದ್ದರೂ, ನಾಲೆಯ ನೀರನ್ನು ಯಾವ ಗದ್ದೆಗೆ ತಿರುಗಿಸಿದ್ದೇನೆಂದು ಮರೆಯುತ್ತಾರೆ, ಕೂಲಿ ಲೆಕ್ಕದಲ್ಲಿ ತಡವರಿಸುತ್ತಾರೆ, ಬೇಗ ರೇಗುತ್ತಾರೆ. ನರರೋಗ ತಜ್ಞರು ಮೈಸೂರಿನಲ್ಲಿ ನ್ಯೂರೋಸೈಕಾಲಜಿ ಅಸೆಸ್‌ಮೆಂಟ್ ಮಾಡಿಸಲು ಬರೆದುಕೊಟ್ಟಿದ್ದಾರೆ. ಇದು ಇನ್ನೊಂದು ಸ್ಕ್ಯಾನೇ? ಹೆಚ್ಚು ಓದದವರಿಂದ ಇದು ಆಗುತ್ತದೆಯೇ? "ನನಗೇನು ತಲೆ ಕೆಟ್ಟಿದೆಯಾ" ಎಂದು ಅಪ್ಪ ಬರಲು ಒಪ್ಪುತ್ತಿಲ್ಲ.

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್, ಮೈಸೂರು): ನಮಸ್ಕಾರ. ಇದು ಸ್ಕ್ಯಾನ್ ಅಲ್ಲ. ಸೂಜಿ, ಯಂತ್ರ ಯಾವುದೂ ಇಲ್ಲ. ಮಿದುಳಿನ ಯಾವ ಭಾಗಕ್ಕೆ ಪೆಟ್ಟಾಗಿದೆ ಎಂಬುದನ್ನು ಸ್ಕ್ಯಾನ್ ತೋರಿಸುತ್ತದೆ. ಆ ಪೆಟ್ಟಿನಿಂದ ಗಮನ, ನೆನಪು, ಮಾತು, ಯೋಜನೆ ಇವುಗಳಲ್ಲಿ ಯಾವುದು ಎಷ್ಟು ಕುಂದಿದೆ, ಯಾವುದು ಗಟ್ಟಿಯಾಗಿಯೇ ಉಳಿದಿದೆ ಎಂಬುದು ಎದುರು ಕೂತು ಮಾಡಿಸುವ ಈ ಪರೀಕ್ಷೆಯಿಂದ ತಿಳಿಯುತ್ತದೆ.

ಹತ್ತು ಹದಿನೈದು ನಿಮಿಷದ ಸ್ಕ್ರೀನಿಂಗ್, ಅಂದರೆ ಮೇಲ್ಮೇಲೆ ನೋಡುವ ಕಿರು ಪರೀಕ್ಷೆ, ಒಂದು ಬಗೆ. ಇನ್ನೊಂದು, ಹಲವು ಪರೀಕ್ಷೆಗಳನ್ನು ಸೇರಿಸಿದ ಬ್ಯಾಟರಿ; ಇದಕ್ಕೆ ಕೆಲವು ಗಂಟೆಗಳೇ ಬೇಕು, ಆಯಾಸವಾದರೆ ಎರಡು ದಿನಕ್ಕೆ ಹಂಚುತ್ತೇವೆ. ನಿಮ್ಮ ತಂದೆಯವರಿಗೆ ಬೇಕಿರುವುದು ಎರಡನೆಯದು. ಹದಿನೈದು ಪದಗಳನ್ನು ಐದು ಸಲ ಓದಿ ಹೇಳಿ, ಪ್ರತಿ ಸಲವೂ ನೆನಪಿದ್ದಷ್ಟನ್ನು ಹೇಳಲು ಕೇಳುತ್ತೇವೆ. ಅರ್ಧ ಗಂಟೆ ಕಳೆದ ಮೇಲೆ ಅದೇ ಪದಗಳನ್ನು ಮತ್ತೆ ಕೇಳುತ್ತೇವೆ. ಆಗ ತಾವಾಗಿ ಹೇಳಲಾಗದ ಪದವನ್ನು ನಾವು ಓದಿದಾಗ ಗುರುತು ಹಿಡಿದರೆ, ನೆನಪು ಒಳಗೆ ಉಳಿದಿದೆ, ಹೊರತೆಗೆಯುವುದು ಕಷ್ಟವಾಗಿದೆ ಎಂದು ತಿಳಿಯಬಹುದು. ಅಂಥವರಿಗೆ ಮನೆಯವರು ಕೊಡುವ ಸಣ್ಣ ಸುಳಿವು ಬಹಳ ಉಪಯೋಗಕ್ಕೆ ಬರುತ್ತದೆ. ಒಂದು ನಿಮಿಷದಲ್ಲಿ ಪ್ರಾಣಿಗಳ ಹೆಸರು ಹೇಳುವುದು, ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು, ಚಿತ್ರ ನೋಡಿ ಅದೇ ರೀತಿ ಬಿಡಿಸುವುದು ಇತ್ಯಾದಿಗಳೂ ಇರುತ್ತವೆ.

ಓದಿನ ಬಗ್ಗೆ ನೀವು ಕೇಳಿದ್ದು ಅತ್ಯಂತ ಮುಖ್ಯವಾದ ಪ್ರಶ್ನೆ. ನಾಲ್ಕನೆಯ ತರಗತಿ ಓದಿದವರ ಅಂಕವನ್ನು ಪದವೀಧರರ ಅಂಕದ ಪಕ್ಕದಲ್ಲಿಟ್ಟು ಕಾಯಿಲೆಯ ಹೆಸರು ಹೇಳುವುದು ಘೋರ ಅನ್ಯಾಯ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಪ್ರಕಟಿಸಿದ ಬ್ಯಾಟರಿಯಲ್ಲಿ 16ರಿಂದ 65 ವರ್ಷದವರಿಗೆ ವಯಸ್ಸು, ಲಿಂಗ, ಓದು ಇವುಗಳಿಗೆ ತಕ್ಕ ಬೇರೆ ಬೇರೆ ಮಾನದಂಡಗಳಿವೆ. ಪರೀಕ್ಷೆ ಕನ್ನಡದಲ್ಲೇ ನಡೆಯುತ್ತದೆಯೇ, ಅಂಕವನ್ನು ಯಾರ ಅಂಕದೊಂದಿಗೆ ಹೋಲಿಸುತ್ತೀರಿ ಎಂದು ನೀವು ಧಾರಾಳವಾಗಿ ಕೇಳಬಹುದು. ಪರೀಕ್ಷಿಸುವವರು ಕ್ಲಿನಿಕಲ್ ಸೈಕಾಲಜಿಸ್ಟರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ನೋಂದಾಯಿತರೇ ಎಂಬುದನ್ನೂ ವಿಚಾರಿಸಿ.

ತಂದೆಯವರಿಗೆ, ಇಲ್ಲಿ ಪಾಸು ಫೇಲು ಇಲ್ಲ, ಸ್ಟ್ರೋಕ್ ಆದ ಮೇಲೆ ಕೈಬಲ ನೋಡಿದ ಹಾಗೆಯೇ ನೆನಪಿನ ಬಲವನ್ನೂ ನೋಡುತ್ತಾರೆ ಎಂದು ಹೇಳಿ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿಸಿ, ತಿಂಡಿ ಮಾತ್ರೆ ತಪ್ಪಿಸದೆ, ಕನ್ನಡಕ ಮತ್ತು ಸ್ಕ್ಯಾನ್ ವರದಿಯೊಂದಿಗೆ ಕರೆತನ್ನಿ. ಮನೆಯಲ್ಲಿ ಅಭ್ಯಾಸ ಮಾಡಿಸಬೇಡಿ, ಫಲಿತಾಂಶ ಕೆಡುತ್ತದೆ. ನೀವೂ ಜೊತೆಗಿರಿ, ಏಕೆಂದರೆ ನೀರು ತಿರುಗಿಸಿದ್ದು ಮರೆಯುವುದು, ರೇಗುವುದು ಯಾವಾಗ ಶುರುವಾಯಿತೆಂಬ ನಿಮ್ಮ ಮಾತಿಲ್ಲದೆ ಅಂಕಗಳಿಗೆ ಅರ್ಥ ಬರುವುದಿಲ್ಲ.

ಮರುಪ್ರಶ್ನೆ (ಮೈಸೂರಿನ ಸದಸ್ಯರು): ನನ್ನ ತಾಯಿಗೆ 74 ವರ್ಷ, ಶಾಲೆಗೆ ಹೋದವರಲ್ಲ. ಶಿಬಿರವೊಂದರಲ್ಲಿ ಮಾಡಿದ ಕಿರು ಸ್ಕ್ರೀನಿಂಗ್ ಪರೀಕ್ಷೆಯಲ್ಲಿ 30ಕ್ಕೆ 17 ಬಂತು, ಡಿಮೆನ್ಷಿಯಾ (ಮರೆವಿನ ಕಾಯಿಲೆ) ಎಂದರು. ನಂಬಬೇಕೇ?

ಉತ್ತರ: ಆ ಒಂದು ಅಂಕದ ಮೇಲೆ ನಂಬಬೇಡಿ. ಅಂಥ ಕಿರು ಪರೀಕ್ಷೆಗಳಲ್ಲಿ ವಾಕ್ಯ ಬರೆಯುವುದು, ನೂರರಿಂದ ಏಳೇಳು ಕಳೆಯುವುದು ಇರಬಹುದು. ಅಕ್ಷರ ಕಲಿಯದವರು ಅಲ್ಲಿ ಅಂಕ ಕಳೆದುಕೊಳ್ಳುವುದು ಸಹಜ. ಹಾಗೆಂದು ಸುಮ್ಮನೆ ಬಿಡುವುದೂ ಸರಿಯಲ್ಲ. ಕಿವಿ ಕೇಳಿಸದಿರುವುದು, ಖಿನ್ನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆ ಇವೂ ಮರೆವಿನಂತೆಯೇ ಕಾಣಿಸುತ್ತವೆ, ಇವುಗಳಿಗೆ ಚಿಕಿತ್ಸೆಯೂ ಇದೆ. ಮೊದಲು ವೈದ್ಯರಲ್ಲಿ ಇವನ್ನು ತೋರಿಸಿ, ನಂತರ ಹಿರಿಯರಿಗೆಂದೇ ಇರುವ ಪರೀಕ್ಷೆಗಳನ್ನು ಮಾಡಿಸಿ.