ಗ್ರಾಫಿಟಿ ಗ್ಯಾಲರಿ ನಡೆಸುವವರನ್ನು ಕೇಳಿ: ಈ ವಾರದ ಪ್ರಶ್ನೋತ್ತರ

ಗ್ಯಾಲರಿಯವರು: ಎಲ್ಲರಿಗೂ ನಮಸ್ಕಾರ. ಗ್ರಾಫಿಟಿ ಅಂದರೆ ಗೋಡೆ, ರೈಲುಗಳ ಮೇಲೆ ಸ್ಪ್ರೇ, ಮಾರ್ಕರಿನಲ್ಲಿ ಬರೆಯುವ ಕಲೆ. ಆ ಕಲಾವಿದರ ಕೃತಿಗಳನ್ನು ಮಾರುವುದು, ಸಂಗ್ರಹಿಸಿ ಜೋಪಾನ ಮಾಡುವುದು ನನ್ನ ಕೆಲಸ. ಕ್ಯಾನ್ವಾಸ್, ಕಾಗದ, ಸ್ಕೆಚ್‌ಬುಕ್ ಯಾವುದರ ಬಗ್ಗೆಯಾದರೂ ಕೇಳಿ. ಬರೀ ಫೋಟೋ ಹಾಕಿ ಬೆಲೆ ಕೇಳಬೇಡಿ. ಫೋಟೋ ನೋಡಿ ಬೆಲೆ ಹೇಳುವವರನ್ನು ನಂಬಲೂಬೇಡಿ.

ಹೊಸಚೌಕಟ್ಟು: ಮೇಡಂ, ಇಂಗ್ಲೆಂಡಿನ ಬೀದಿ ಕಲಾವಿದ ಬ್ಯಾಂಕ್ಸಿಯ ಪ್ರಿಂಟ್ ಒಂದು ಮಾರಾಟಕ್ಕಿದೆ. ಅಸಲಿಯೋ ನಕಲಿಯೋ ಹೇಗೆ ತಿಳಿಯೋದು?

ಗ್ಯಾಲರಿಯವರು: ಪೆಸ್ಟ್ ಕಂಟ್ರೋಲ್ ಕೊಟ್ಟ ಪ್ರಮಾಣಪತ್ರ ಇದೆಯಾ ನೋಡಿ. ಬ್ಯಾಂಕ್ಸಿ ಕಡೆಯವರೇ 2008ರಲ್ಲಿ ಶುರು ಮಾಡಿದ ಸಂಸ್ಥೆ ಅದು. ಬೇರೆ ಯಾರ ಮಾತಿಗೂ ಅಲ್ಲಿ ಬೆಲೆಯಿಲ್ಲ, ನನ್ನ ಮಾತಿಗೂ ಇಲ್ಲ. ಮಾರುವವರು "ಪತ್ರ ಆಮೇಲೆ ಮಾಡಿಸಿಕೊಡ್ತೀನಿ" ಅಂದರೆ, ಮೊದಲು ಪತ್ರ ಬರಲಿ, ಆಮೇಲೆ ದುಡ್ಡು.

ಸ್ಪ್ರೇಡಬ್ಬಿ: ಮೇಡಂ, ನಾನು ಕ್ಯಾನ್ವಾಸ್ ಮೇಲೆ ಸ್ಪ್ರೇ ಮಾಡ್ತೀನಿ. ಒಂದು ಗ್ಯಾಲರಿಯವರು ಅರ್ಧ ಪಾಲು ಕೇಳ್ತಿದ್ದಾರೆ. ಇದು ಜಾಸ್ತಿ ಆಯ್ತಲ್ವಾ?

ಗ್ಯಾಲರಿಯವರು: ಅರ್ಧಕ್ಕರ್ಧ ಅನ್ನುವುದು ಈ ವ್ಯಾಪಾರದಲ್ಲಿ ಮಾಮೂಲು. ಪಾಲಿಗಿಂತ ಕರಾರು ನೋಡಿ. ಕೃತಿ ಮಾರಾಟವಾಗುವ ತನಕ ಅದು ನಿಮ್ಮದೇ ಅಂತ ಬರೆದಿರಬೇಕು. ಮಾರಿದ ಎಷ್ಟು ದಿನದೊಳಗೆ ದುಡ್ಡು ಕೊಡ್ತಾರೆ, ರಿಯಾಯಿತಿ ಕೊಟ್ಟರೆ ಯಾರ ಪಾಲಿನಿಂದ, ಅದೂ ಬರೆದಿರಬೇಕು. ಬಾಯಿ ಮಾತಿನ ಮೇಲೆ ಕೃತಿ ಕೊಟ್ಟು ಕಳೆದುಕೊಂಡವರನ್ನು ನಾನು ತುಂಬ ನೋಡಿದ್ದೇನೆ.

ಸ್ಪ್ರೇಡಬ್ಬಿ: ಸಾಗಿಸುವಾಗ ಬಬಲ್ ರ‍್ಯಾಪ್ ಸುತ್ತಿದರೆ ಸಾಕಾ?

ಗ್ಯಾಲರಿಯವರು: ಬಣ್ಣಕ್ಕೆ ತಾಗುವ ಹಾಗೆ ಸುತ್ತಲೇಬೇಡಿ. ಸ್ಪ್ರೇ ಬಣ್ಣ ಮೇಲೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗೆ ಇರುತ್ತದೆ. ಒಂದು ಸಲ ನನ್ನ ಹತ್ತಿರ ಬಂದ ದೊಡ್ಡ ನೀಲಿ ಕ್ಯಾನ್ವಾಸ್ ಬಿಚ್ಚಿದಾಗ ಮೈತುಂಬ ಬಟಾಣಿ ಗಾತ್ರದ ಉಂಗುರಗಳು ಒತ್ತಿದ್ದವು. ಅವು ಇವತ್ತಿಗೂ ಹೋಗಿಲ್ಲ. ಮೊದಲು ಸಿಲಿಕೋನ್ ಲೇಪದ ಕಾಗದ ಹಾಕಿ. ಬಬಲ್ ರ‍್ಯಾಪ್ ಅದರ ಮೇಲೆ, ಗುಳ್ಳೆ ಹೊರಗಡೆಗೆ.

ಇಂಕಿನಕಲೆ: ಅಕ್ಕ, ನಮ್ಮ ಚಿಕ್ಕಪ್ಪ ಹೋದ ವರ್ಷ ತೀರಿಕೊಂಡರು. ಚಿಕ್ಕ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿದ್ದರು. ಅವರ ಪೆಟ್ಟಿಗೆಯಲ್ಲಿ ಕಪ್ಪು ರಟ್ಟಿನ ಪುಸ್ತಕ ಸಿಕ್ಕಿದೆ, ಸುಮಾರು 60 ಹಾಳೆ. ಬೇರೆ ಬೇರೆಯವರು ಮಾರ್ಕರಿನಲ್ಲಿ ಬರೆದ ಹೆಸರುಗಳು, ಅಕ್ಷರಗಳು. ಒಂದು ಕಡೆ 1983 ಅಂತ ಇದೆ. ಚೆನ್ನಾಗಿರುವ ಹತ್ತು ಹಾಳೆ ಬಿಡಿಸಿ, ಫ್ರೇಮ್ ಹಾಕಿಸಿ ಮಾರೋಣ ಅಂತಾರೆ ಮನೆಯವರು. ಹಾಳೆಗಳು ಅಲ್ಲಲ್ಲಿ ಅಂಟಿಕೊಂಡಿವೆ. ಹೇರ್‌ಸ್ಪ್ರೇ ಹೊಡೆದರೆ ಇಂಕು ಗಟ್ಟಿಯಾಗುತ್ತೆ ಅಂತ ವಾಟ್ಸಾಪಿನಲ್ಲಿ ಬಂದಿತ್ತು. ಹೊಡೀಬಹುದಾ?

ಗ್ಯಾಲರಿಯವರು: ಬೇಡ. ದಯವಿಟ್ಟು ಹೇರ್‌ಸ್ಪ್ರೇ ಮುಟ್ಟಬೇಡಿ, ಹಾಳೆಯನ್ನೂ ಹರಿಯಬೇಡಿ. ಉಳಿದ ಪ್ರಶ್ನೆಗಳು ಸ್ವಲ್ಪ ಕಾಯಲಿ, ಇದಕ್ಕೆ ಪೂರ್ತಿ ಬರೆಯುತ್ತೇನೆ.

ನಿಮ್ಮ ಕೈಯಲ್ಲಿರುವುದನ್ನು ಬ್ಲ್ಯಾಕ್‌ಬುಕ್ ಅನ್ನುತ್ತಾರೆ. ಆಗ ನ್ಯೂಯಾರ್ಕಿನ ಗ್ರಾಫಿಟಿ ಹುಡುಗರು ರೈಲಿನ ಮೇಲೆ ಬರೆಯುವ ಮೊದಲು ಅಕ್ಷರ ತಿದ್ದಿಕೊಳ್ಳುತ್ತಿದ್ದದ್ದು ಇಂಥ ಪುಸ್ತಕದಲ್ಲೇ. ಒಬ್ಬರ ಪುಸ್ತಕದಲ್ಲಿ ಇನ್ನೊಬ್ಬರು ಬರೆದುಕೊಡುವುದು ಸ್ನೇಹದ ಗುರುತು. ರೈಲಿನ ಮೇಲಿದ್ದದ್ದು ಯಾವುದೂ ಉಳಿದಿಲ್ಲ. 1989ರ ಮೇ 12ರಂದು ನ್ಯೂಯಾರ್ಕ್ ಸಬ್‌ವೇಯ, ಅಂದರೆ ಅಲ್ಲಿನ ಮೆಟ್ರೊದ, ಕೊನೆಯ ಗ್ರಾಫಿಟಿ ರೈಲನ್ನೂ ಓಡಾಟದಿಂದ ತೆಗೆದರು. ಈಗ ಉಳಿದಿರುವುದು ಫೋಟೋಗಳು, ಒಂದಷ್ಟು ಕ್ಯಾನ್ವಾಸು, ಮತ್ತೆ ಈ ಪುಸ್ತಕಗಳು. ಮಾರ್ಟಿನ್ ವಾಂಗ್ ಅನ್ನುವ ಚಿತ್ರಕಾರ ಇಂಥವನ್ನು ಕೂಡಿಹಾಕಿ 1994ರಲ್ಲಿ ಮ್ಯೂಸಿಯಂ ಆಫ್ ದಿ ಸಿಟಿ ಆಫ್ ನ್ಯೂಯಾರ್ಕ್‌ಗೆ ಕೊಟ್ಟರು. ಅದರಲ್ಲಿ ಬ್ಲ್ಯಾಕ್‌ಬುಕ್‌ಗಳೂ ಇವೆ.

ಹಾಳೆ ಯಾಕೆ ಹರಿಯಬಾರದು? ಇಂಥ ಪುಸ್ತಕ ಒಂದನ್ನು ನಾನು ಮೂರು ದಿನ ಮುಂದಿಟ್ಟುಕೊಂಡು ಕೂತಿದ್ದೆ. ಶುರುವಿನ ಪುಟದ ಮೂಲೆಯಲ್ಲಿ ಯಾರೋ ಹುಡುಗನ ಇಂಗ್ಲಿಷ್ ಆರ್ ಅಕ್ಷರ, ಕಾಲು ಸೊಟ್ಟ. ಹತ್ತು ಪುಟ ದಾಟಿದರೆ ಅದೇ ಆರ್, ಈಗ ಕಾಲು ಬಾಣದ ಹಾಗೆ ಚಾಚಿದೆ. ನಡುವಿನ ಪುಟದಲ್ಲಿ ಬೇರೊಬ್ಬರ ಕೈ ಅದೇ ಅಕ್ಷರ ಬರೆದು ತೋರಿಸಿದೆ. ಹುಡುಗ ಯಾರ ಹತ್ತಿರ ಕಲಿತ ಅನ್ನುವುದು ಪುಟಗಳ ಕ್ರಮದಲ್ಲೇ ಇತ್ತು. ಹತ್ತು ಹಾಳೆ ಕಿತ್ತರೆ ಅದೆಲ್ಲ ಹೋಯಿತು. ಬಿಡಿ ಹಾಳೆ ಎಲ್ಲಿಂದ ಬಂತು ಅಂತ ತೋರಿಸಲು ಆಮೇಲೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಇನ್ನು ಹೇರ್‌ಸ್ಪ್ರೇ. ಅದರಲ್ಲಿ ಆಲ್ಕೊಹಾಲ್ ಇರುತ್ತದೆ. ಮಾರ್ಕರ್ ಇಂಕು ಸಾಮಾನ್ಯವಾಗಿ ಆಲ್ಕೊಹಾಲಿನಲ್ಲಿ ಕರಗುತ್ತದೆ. ಹೊಡೆದ ಕ್ಷಣವೇ ಗೆರೆ ಹರಡುತ್ತದೆ, ಕೆಂಪು ನೀಲಿಯೊಳಗೆ ಇಳಿಯುತ್ತದೆ. ಮೇಲೆ ಕೂತ ಅಂಟು ಧೂಳು ಹಿಡಿಯುತ್ತದೆ. ಅದನ್ನು ತೆಗೆಯಲು ಮತ್ತೆ ಆಲ್ಕೊಹಾಲೇ ಬೇಕು. ಈ ಫಾರ್ವರ್ಡ್ ಬರೆದವರು ಒಂದು ಹಾಳೆಯನ್ನಾದರೂ ಹಾಗೆ ಮಾಡಿ ನೋಡಿದ್ದಾರಾ?

ಈಗ ಮಾಡಬೇಕಾದದ್ದು. ಅಂಟಿದ ಹಾಳೆ ಎಳೆಯಬೇಡಿ, ಬಿಸಿಗಾಳಿ ಬಿಡಬೇಡಿ. ಅದು ಕಾಗದ ಸಂರಕ್ಷಕರ ಕೆಲಸ. ಅಂಟಿಕೊಳ್ಳದ ಪುಟಗಳನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಫೋಟೋ ತೆಗೆಯಿರಿ, ಖಾಲಿ ಪುಟವನ್ನೂ ಬಿಡಬೇಡಿ. ಪುಸ್ತಕವನ್ನು ಪೂರ್ತಿ ಅಗಲಿಸಬೇಡಿ, ಎರಡೂ ಕಡೆ ದಿಂಬು ಕೊಟ್ಟು ಅರ್ಧ ತೆರೆಯಿರಿ. ಪ್ರತಿ ಪುಟದ ನಡುವೆ ಕಾಗದ ತುರುಕಿದರೆ ಬೆನ್ನು ಉಬ್ಬಿ ಹೊಲಿಗೆ ಬಿಚ್ಚುತ್ತದೆ. ಇಂಕು ದಟ್ಟವಾಗಿರುವ ಕಡೆ ಮಾತ್ರ ಆಮ್ಲವಿಲ್ಲದ ತೆಳು ಹಾಳೆ ಸಾಕು. ಆಮೇಲೆ ಆಮ್ಲವಿಲ್ಲದ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ, ಮಲಗಿಸಿ ಇಡಿ. ಮಾರ್ಕರ್ ಬಣ್ಣ ಬೆಳಕಿಗೆ ಬೇಗ ಮಾಸುತ್ತದೆ. ಮ್ಯೂಸಿಯಂಗಳು ಇಂಥದ್ದನ್ನು 50 ಲಕ್ಸ್‌ನಷ್ಟು (ಲಕ್ಸ್ ಅಂದರೆ ಬೆಳಕಿನ ಅಳತೆ) ಮಂದ ಬೆಳಕಿನಲ್ಲಿ, ಅದೂ ಕೆಲವು ತಿಂಗಳು ಮಾತ್ರ ತೋರಿಸುತ್ತವೆ.

ಚಿಕ್ಕಪ್ಪನ ಹಳೆ ಸ್ನೇಹಿತರು ಯಾರಾದರೂ ಇದ್ದಾರಾ? ಯಾರ ಹೆಸರು ಯಾವುದು ಅಂತ ಅವರೇ ಹೇಳಬೇಕು. ಬೇಗ ಹುಡುಕಿ.

ಗಾಜಿನಬೀರು: ಯುವಿ ಗಾಜು ಹಾಕಿದರೆ ಗೋಡೆಗೆ ತೂಗುಹಾಕಬಹುದಲ್ವಾ? ನಮ್ಮ ಫ್ರೇಮಿನವರು ನೂರು ವರ್ಷ ಗ್ಯಾರಂಟಿ ಅಂದರು.

ಗ್ಯಾಲರಿಯವರು: ಯುವಿ ಗಾಜು ಯುವಿ, ಅಂದರೆ ಕಣ್ಣಿಗೆ ಕಾಣದ ನೇರಳಾತೀತ ಕಿರಣ ಮಾತ್ರ ತಡೆಯುತ್ತದೆ. ಕಣ್ಣಿಗೆ ಕಾಣುವ ಬೆಳಕೂ ಬಣ್ಣ ಮಾಸಿಸುತ್ತದೆ. ಮಾಸಿದ್ದು ಕತ್ತಲಲ್ಲಿಟ್ಟರೆ ವಾಪಸ್ ಬರುವುದಿಲ್ಲ.

ಕಲಾಆಸಕ್ತ: ಬ್ಯಾಂಕ್ಸಿ ಅಸಲಿ ಅಂತ ಪತ್ತೆ ಮಾಡೋದು ಹೇಗೆ ಮೇಡಂ?

ಗ್ಯಾಲರಿಯವರು: ಪೆಸ್ಟ್ ಕಂಟ್ರೋಲ್. ಮೇಲೆ ಬರೆದಿದ್ದೇನೆ.

ಇಟ್ಟಿಗೆಗೂಡು: ನಮ್ಮ ಹಳೆ ಕಟ್ಟಡ ಕೆಡವುತ್ತಿದ್ದೇವೆ. ಹೊರಗೋಡೆಯಲ್ಲಿ ಒಳ್ಳೆ ಸ್ಟೆನ್ಸಿಲ್ ಚಿತ್ರವಿದೆ. ಗೋಡೆ ಕೊಯ್ದು ತೆಗೆದರೆ ನೀವು ಕೊಳ್ತೀರಾ?

ಗ್ಯಾಲರಿಯವರು: ಕೊಳ್ಳುವುದಿಲ್ಲ. ಬೀದಿಗೆಂದು ಬರೆದದ್ದನ್ನು ಕಲಾವಿದರ ಒಪ್ಪಿಗೆಯಿಲ್ಲದೆ ನಾನು ಮಾರುವುದಿಲ್ಲ. ಕೆಡವುವ ಮೊದಲು ಬರೆದವರನ್ನು ಹುಡುಕಿ ತಿಳಿಸಿ.

ಇಟ್ಟಿಗೆಗೂಡು: ಗೋಡೆ ನಮ್ಮದು. ಅವರು ನಮ್ಮನ್ನು ಕೇಳಿ ಬರೆದರಾ?

ಗೋಡೆಮಾತು: ಇದೇ ಮಾತು ನ್ಯೂಯಾರ್ಕಿನಲ್ಲಿ ಮೈತುಂಬ ಗ್ರಾಫಿಟಿ ಇದ್ದ ಫೈವ್ ಪಾಯಿಂಟ್ಸ್ ಕಟ್ಟಡದ ಮಾಲೀಕರೂ ಹೇಳಿದ್ದರು ಸ್ವಾಮಿ. 2013ರಲ್ಲಿ ರಾತ್ರೋರಾತ್ರಿ ಸುಣ್ಣ ಬಳಿಸಿದರು. 2018ರಲ್ಲಿ ಕೋರ್ಟು 21 ಕಲಾವಿದರಿಗೆ 67.5 ಲಕ್ಷ ಡಾಲರ್ ಕೊಡಿ ಅಂದಿತು. 2020ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಸಂಗ್ರಹಪ್ರಿಯ: ಅಲ್ಲಿ ಮಾಲೀಕರೇ ಬರೆಯಲು ಬಿಟ್ಟಿದ್ದರು. ಅರ್ಧ ಕಥೆ ಹೇಳಬೇಡಿ. ಲಂಡನ್ನಿನ ವುಡ್ ಗ್ರೀನ್‌ನಲ್ಲಿ ಅಂಗಡಿ ಗೋಡೆಯ ಬ್ಯಾಂಕ್ಸಿಯನ್ನು 2013ರಲ್ಲಿ ಕೊಯ್ದು ತೆಗೆದರು. ಕೊನೆಗೆ ಮಾರಾಟ ಆಯ್ತಲ್ಲ?

ಗೋಡೆಮಾತು: ಆ ಊರಿನವರು ಗಲಾಟೆ ಮಾಡಿ ಮಯಾಮಿಯ ಹರಾಜಿನಿಂದ ವಾಪಸ್ ತೆಗೆಸಿದ್ದು ನೀವು ಬಿಟ್ಟಿರಿ. ಯಾರದು ಅರ್ಧ ಕಥೆ? ಇಟಲಿಯ ಬೊಲೊನ್ಯಾದಲ್ಲಿ ಬ್ಲೂ ಅನ್ನುವ ಬೀದಿ ಕಲಾವಿದ 2016ರಲ್ಲಿ ತನ್ನ ಚಿತ್ರಗಳಿಗೆ ತಾನೇ ಬೂದು ಬಣ್ಣ ಬಳಿದದ್ದು ಯಾಕೆ? ನಿಮ್ಮಂಥವರು ಗೋಡೆಯಿಂದ ಕಿತ್ತು ಪ್ರದರ್ಶನಕ್ಕಿಡುತ್ತಾರೆ ಅಂತ. ಗ್ಯಾಲರಿಗೆ ಬಂದದ್ದು ಗ್ರಾಫಿಟಿಯೇ ಅಲ್ಲ.

ಸಂಗ್ರಹಪ್ರಿಯ: ಹಾಗಾದರೆ ಈ ಗುಂಪಿನಲ್ಲಿ ನಿಮಗೇನು ಕೆಲಸ?

ಗ್ಯಾಲರಿಯವರು: ಇಬ್ಬರೂ ನಿಲ್ಲಿಸಿ. ಗೋಡೆ ಕೊಯ್ಯುವುದರ ಬಗ್ಗೆ ಗೋಡೆಮಾತು ಹೇಳಿದ್ದು ಸರಿ. ಕೊನೆಯ ಮಾತು ತಪ್ಪು. 1972ರಲ್ಲೇ ಹ್ಯೂಗೋ ಮಾರ್ಟಿನೆಜ್ ನ್ಯೂಯಾರ್ಕಿನ ಗ್ರಾಫಿಟಿ ಹುಡುಗರನ್ನು ಸೇರಿಸಿ ಯುನೈಟೆಡ್ ಗ್ರಾಫಿಟಿ ಆರ್ಟಿಸ್ಟ್ಸ್ ಅನ್ನುವ ಗುಂಪು ಕಟ್ಟಿದರು, ಮರುವರ್ಷ ರೇಜರ್ ಗ್ಯಾಲರಿಯಲ್ಲಿ ಪ್ರದರ್ಶನ ಆಯಿತು. 1979ರಲ್ಲಿ ಲೀ ಕಿನ್ಯೋನೆಸ್, ಫ್ಯಾಬ್ ಫೈವ್ ಫ್ರೆಡ್ಡಿ ಅನ್ನುವ ಇಬ್ಬರು ಗ್ರಾಫಿಟಿ ಕಲಾವಿದರು ರೋಮ್‌ನಲ್ಲಿ ಕ್ಯಾನ್ವಾಸ್ ತೋರಿಸಿದರು. ಅವರ ಕೃತಿಗಳನ್ನು ಯಾರೂ ಗೋಡೆಯಿಂದ ಕೊಯ್ದು ತಂದಿರಲಿಲ್ಲ. ತಾವಾಗಿ ಬರೆದರು, ಸಹಿ ಹಾಕಿದರು, ದುಡ್ಡು ಅವರ ಕೈಗೆ ಹೋಯಿತು. ನಾನು ನೋಡುವುದು ಅದನ್ನೇ: ಬರೆದವರಿಗೆ ಗೊತ್ತಾ, ಅವರಿಗೆ ಪಾಲು ಹೋಯಿತಾ. 1983ರಲ್ಲಿ ನ್ಯೂಯಾರ್ಕಿನ ಸಿಡ್ನಿ ಜ್ಯಾನಿಸ್ ಗ್ಯಾಲರಿಯಂಥ ದೊಡ್ಡ ಜಾಗದಲ್ಲಿ ಪ್ರದರ್ಶನ ಆಯಿತು. ಕೆಲವೇ ವರ್ಷದಲ್ಲಿ ಕೊಳ್ಳುವವರ ಉತ್ಸಾಹ ಆರಿತು, ಎಷ್ಟೋ ಕಲಾವಿದರು ನಡುನೀರಿನಲ್ಲಿ ಉಳಿದರು. ಆ ತಪ್ಪು ನಮ್ಮ ಕಡೆಯವರದು, ಒಪ್ಪುತ್ತೇನೆ.

ಸಂಗ್ರಹಪ್ರಿಯ: ಒಪ್ಪಿದರೆ ಸಾಲದು. ನೀವೂ ವ್ಯಾಪಾರಿಯೇ ಅಲ್ವಾ.

ಗ್ಯಾಲರಿಯವರು: ಹೌದು, ವ್ಯಾಪಾರಿ. ಪ್ರತಿ ಮಾರಾಟದ ರಸೀದಿಯ ನಕಲು ಕಲಾವಿದರಿಗೂ ಹೋಗುತ್ತದೆ.

ಕಿಟಕಿಬೆಳಕು: ಬಾಡಿಗೆ ಜಾಗದಲ್ಲಿ ಗ್ಯಾಲರಿ ಶುರು ಮಾಡಬೇಕು ಅಂತಿದ್ದೇನೆ. ಕೃತಿಗಳಿಗೆ ವಿಮೆ ಯಾವ ಬೆಲೆಗೆ ಮಾಡಿಸಬೇಕು?

ಶುಚಿಮನೆ: ಟೂತ್‌ಪೇಸ್ಟ್ ಹಚ್ಚಿ ಮೆತ್ತಗೆ ಉಜ್ಜಿದರೆ ಸ್ಪ್ರೇ ಕ್ಯಾನ್ವಾಸ್ ಹೊಸದರಂತೆ ಹೊಳೆಯುತ್ತೆ. ಎಲ್ಲರಿಗೂ ಶೇರ್ ಮಾಡಿ.

ಗ್ಯಾಲರಿಯವರು: ಶೇರ್ ಮಾಡಬೇಡಿ. ಟೂತ್‌ಪೇಸ್ಟಿನಲ್ಲಿ ಉಜ್ಜುವ ಪುಡಿ ಇರುತ್ತದೆ. ನೀವು ನೋಡುವ ಹೊಳಪು ಬಣ್ಣದ ಮೇಲ್ಪದರ ಸವೆದದ್ದು. ಸ್ಪ್ರೇ ಮಂಜಿನಂತೆ ಕೂತ ಅಂಚು ಮೊದಲು ಹೋಗುತ್ತದೆ, ಕೈಚಳಕ ಇರುವುದೇ ಅಲ್ಲಿ. ಅಳಿಸಿ ಆ ಮೆಸೇಜು.

ಶುಚಿಮನೆ: ಒಳ್ಳೇದಕ್ಕೆ ಹೇಳಿದರೆ ಹೀಗೆ ರೇಗ್ತೀರಲ್ಲ ಮೇಡಂ.

ಗ್ಯಾಲರಿಯವರು: ಹೋದ ತಿಂಗಳು ಹೀಗೆ ಉಜ್ಜಿದ ಕ್ಯಾನ್ವಾಸ್ ಹಿಡಿದುಕೊಂಡು ಒಬ್ಬರು ನನ್ನ ಮುಂದೆ ಕೂತು ಅತ್ತರು. ಅದಕ್ಕೆ ರೇಗಿದ್ದು.

ಬಣ್ಣದಹುಡುಗ: ಬ್ಯಾಂಕ್ಸಿ ಗೋಡೆ ತುಂಡಿಗೆ ಸರ್ಟಿಫಿಕೇಟ್ ಸಿಗುತ್ತಾ?

ಗ್ಯಾಲರಿಯವರು: ಇಲ್ಲ.

ಇಟ್ಟಿಗೆಗೂಡು: ನನ್ನ ಗೋಡೆಗೆ ಬೇರೆ ಗಿರಾಕಿ ಸಿಕ್ಕಿದ್ದಾರೆ. ನಿಮ್ಮ ಉಪದೇಶಕ್ಕೆ ಥ್ಯಾಂಕ್ಸ್.

ಗೋಡೆಮಾತು: ಬರೆದವರಿಗೆ ತಿಳಿಸಿದಿರಾ?

ಇಂಕಿನಕಲೆ: ಅಕ್ಕ, ಚಿಕ್ಕಪ್ಪನ ಸ್ನೇಹಿತರೊಬ್ಬರು ಫೋನಿನಲ್ಲಿ ಸಿಕ್ಕರು. ಎರಡು ಪುಟದ ಫೋಟೋ ಕಳಿಸಿದ್ದಕ್ಕೆ ಐದು ಹೆಸರು ಹೇಳಿದರು. ಒಂದು ಅವರದ್ದೇ ಅಂತೆ. ಮನೆಯವರು ಹಾಳೆ ಬಿಡಿಸುವ ಮಾತು ಬಿಟ್ಟಿದ್ದಾರೆ.

ಗ್ಯಾಲರಿಯವರು: ಇದನ್ನು ಕೇಳಿ ತುಂಬ ಸಂತೋಷವಾಯಿತು. ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ. ಪುಟದ ನಂಬರ್ ಹೇಳಿ, ಒಂದೊಂದೇ ಕೇಳಿ. ಅವಸರ ಮಾಡಬೇಡಿ, ಅವರಿಗೆ ದಣಿವಾದರೆ ಮರುದಿನ ಮುಂದುವರಿಸಿ. ಪುಸ್ತಕದ ಮೇಲೆ ಪೆನ್ನಿನಲ್ಲಿ ಏನೂ ಗುರುತು ಹಾಕಬೇಡಿ, ಬೇರೆ ನೋಟ್‌ಬುಕ್ ಇಟ್ಟುಕೊಳ್ಳಿ.

ಇಂಕಿನಕಲೆ: ಸರಿ ಅಕ್ಕ. ಭಾನುವಾರ ಮೊದಲ ಪುಟದಿಂದ ಶುರು ಮಾಡ್ತೀವಿ.